ಕೆಂಪು ಒತ್ತು

ಮಾರ್ಚ್ 4, ಮಂಗಳವಾರ

ಬೆಳಗಿನಿಂದ ಪುಟ ಕಟ್ಟಿದ್ದೇ ಕಟ್ಟಿದ್ದು. ಅಂಚು ಸರಿ, ಸಾಲುಗಳ ನಡುವಿನ ಜಾಗ ಸರಿ, ಪುಟಸಂಖ್ಯೆ ಸರಿ. ಊಟ ಮುಗಿಸಿ, ತಮ್ಮ ಕಳಿಸಿದ ಎರಡನೇ ಕಂತಿನ ಚಿತ್ರಗಳನ್ನು ಪುಟದೊಳಗೆ ಪ್ಲೇಸ್ ಮಾಡಲು ಕೂತೆ. ಮೊದಲನೆಯದೇ ಕತ್ತೆ. ಒಂದು ಕಿವಿ ಮಡಚಿ ನಿಂತಿದೆ — ಯಾರೋ ಬೈದದ್ದು ಅರ್ಧ ಮಾತ್ರ ಕೇಳಿಸಿದ ಹಾಗೆ. ನಗು ಬಂತು. ಆಮೇಲೆ ಕೆಳಗಿದ್ದ ಪದ ಓದಿದೆ.

ಕತೆ.

ಒತ್ತಿಲ್ಲ.

ಒತ್ತಕ್ಷರ ಕಲಿಸುವ ಪುಸ್ತಕ ಇದು. ಎರಡನೇ ತರಗತಿಯ ಮಕ್ಕಳಿಗೆ. ಪುಟಕ್ಕೊಂದು ಚಿತ್ರ, ಚಿತ್ರಕ್ಕೊಂದು ಪದ. ಪದವೂ ತಮ್ಮನ ಕೈಬರಹವೇ, ಪರದೆಯ ಮೇಲೆ ಪೆನ್ನಿನಿಂದ ಬರೆಯುತ್ತಾನೆ. ಅಕ್ಷರ ಕಪ್ಪು, ಒತ್ತು ಕೆಂಪು. ಕಪ್ಪಿಗೊಂದು ಲೇಯರ್, ಕೆಂಪಿಗೊಂದು ಲೇಯರ್, ಗಾಜಿನ ಮೇಲೆ ಗಾಜು ಇಟ್ಟ ಹಾಗೆ. ಚಳಿಗಾಲದಲ್ಲಿ ಬಂದ ಮೊದಲ ಕಂತಿನಲ್ಲಿ ಎಲ್ಲ ಸರಿಯಿತ್ತು. ಹಕ್ಕಿ, ಮಗ್ಗ, ಅಜ್ಜಿ... ಒಂದೊಂದರ ಕೆಳಗೂ ಒತ್ತು ಹಣ್ಣುಮೆಣಸಿನಕಾಯಿಯ ಹಾಗೆ ನೇತಾಡುತ್ತಿತ್ತು.

ಈಗ ಕಪ್ಪು ಬಂದಿದೆ. ಕೆಂಪು ದಾರಿಯಲ್ಲಿ ಎಲ್ಲೋ ಇಳಿದುಬಿಟ್ಟಿದೆ.

ಉಳಿದವನ್ನೂ ತೆಗೆದೆ. ಗದ್ದೆ ಇದ್ದಲ್ಲಿ ಗದೆ. ಬಳ್ಳಿ ಇದ್ದಲ್ಲಿ ಬಳಿ. ಬೆನ್ನು ಎಂಬಲ್ಲಿ ಕೆಂಪು ಚುಕ್ಕೆ ಒಂದೇ ಒಂದು, ಒತ್ತು ಶುರುವಾಗಿ ಮನಸ್ಸು ಬದಲಿಸಿದ ಹಾಗೆ.

ತಮ್ಮನಿಗೆ ಫೋನ್ ಮಾಡಿದೆ.

"ನನ್ನಲ್ಲಿ ಸರಿಯಾಗೇ ಇದೆಯಲ್ಲ ಅಕ್ಕ," ಅಂದ.

"ಇಲ್ಲಿ ಇಲ್ಲ."

"ನಿನ್ನ ಸಾಫ್ಟ್‌ವೇರಿಗೆ ವಯಸ್ಸಾಗಿದೆ. ಕನ್ನಡಕ ಹಾಕಿಸು."

ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಕಳಿಸು ಅಂದೆ. ಆಗಲಿ ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ — ಇಲ್ಲಿ ಯಾರು ಕುಣಿಯಲಾರದವರು, ಯಾವುದು ನೆಲ, ಇನ್ನೂ ತಿಳಿದಿಲ್ಲ.


ಮಾರ್ಚ್ 5

ಹೊಸ ಫೈಲು ಬಂತು. ಅದೇ ಕತೆ.

ಪಕ್ಕದ ಮೇಜಿನವನನ್ನು ಕರೆದೆ. ಆಫೀಸಿನಲ್ಲಿ ಎಲ್ಲರೂ ಅವನನ್ನು ಕರ್ವ್ಸ್ ಎನ್ನುತ್ತೇವೆ. ಫಾಂಟ್ ಬಿದ್ದರೂ, ಚಿತ್ರ ಕೆಟ್ಟರೂ, ಪ್ರಿಂಟರ್ ಕಾಗದ ನುಂಗಿದರೂ ಅವನದು ಒಂದೇ ಮದ್ದು: "ಕರ್ವ್ಸ್ ಮಾಡಿ." ಅಕ್ಷರವನ್ನು ಅಕ್ಷರವಾಗಿ ಬಿಡದೆ ಬರೀ ಗೆರೆಯಾಗಿಸಿಬಿಡುವುದು. ಗೆರೆಯಾದರೆ ಎಲ್ಲಿಗೆ ಹೋದರೂ ಬದಲಾಗುವುದಿಲ್ಲ.

"ಕರ್ವ್ಸ್ ಮಾಡಿ ಮೇಡಂ."

"ಇದು ಫಾಂಟೇ ಅಲ್ಲ. ಕೈಬರಹ. ಹುಟ್ಟಿದಾಗಲೇ ಕರ್ವ್ಸ್."

"ಆದ್ರೂ ಒಂದು ಸಲ ಮಾಡಿ. ಮನಸ್ಸಿಗೆ ಸಮಾಧಾನ."

ಮಾಡಿದೆ. ಸಮಾಧಾನವೂ ಆಗಲಿಲ್ಲ.

ಪುಟದಲ್ಲಿ ಕಾಣುವುದು ಚಿತ್ರದ ಪ್ರಿವ್ಯೂ ಮಾತ್ರ, ನಿಜವಾದ ಚಿತ್ರ ಅದರ ಹಿಂದಿರುತ್ತದೆ, ಪ್ರಿಂಟಿನಲ್ಲಿ ಬಂದೀತು ಅಂದ. ಪ್ರಿಂಟ್ ತೆಗೆದೆವು. ಕಾಗದದ ಮೇಲೂ ಕತ್ತೆ, ಕೆಳಗೆ ಕತೆ. ಕರ್ವ್ಸ್ ಕಾಗದವನ್ನು ಕಿಟಕಿಗೆ ಹಿಡಿದು ಹಿಂದಿನಿಂದಲೂ ನೋಡಿದ.


ಮಾರ್ಚ್ 7

ಇವತ್ತಿನ ಅನುಮಾನ: ಬಣ್ಣದ ಹೆಸರು. ಅವನ ಡ್ರಾಯಿಂಗ್ ಪ್ರೋಗ್ರಾಮಿನಲ್ಲಿ ಆ ಬಣ್ಣ "ಕೆಂಪು". ನನ್ನ ಪುಟದಲ್ಲಿ "ಕೆಂಪು 1". ಹೆಸರು ಹೊಂದದಿದ್ದರೆ ಸಾಫ್ಟ್‌ವೇರ್ ಒಂದನ್ನು ಅಪರಿಚಿತ ಅಂತ ಹೊರಗೆ ನಿಲ್ಲಿಸುವುದುಂಟು. ಎರಡನ್ನೂ ಒಂದು ಮಾಡಿದೆ. ಪ್ರಯೋಜನವಿಲ್ಲ. ಮೊದಲ ಕಂತಿಗೂ ಇದೇ ಹೆಸರಿತ್ತು, ಆಗ ಸರಿಯಾಗಿ ಬಂದಿತ್ತು ಅನ್ನುವುದು ಆಮೇಲೆ ಹೊಳೆಯಿತು.

ಇನ್ನೊಂದು ಅನುಮಾನ: ಅವನು ಇತ್ತೀಚೆಗೆ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡಿದ್ದಾನೆ. ಹೊಸದು ಮಾತಾಡುವುದು ನನ್ನ ಹಳೆಯದಕ್ಕೆ ಅರ್ಥವಾಗುತ್ತಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಹಳೆಯ ವರ್ಷನ್‌ಗೆ ಇಳಿಸಿ ಸೇವ್ ಮಾಡು ಅಂದೆ. ಮಾಡಿದ. ಪಿಡಿಎಫ್ ಕಳಿಸು ಅಂದೆ. ಕಳಿಸಿದ. ಯಾವ ಬಾಗಿಲಿನಿಂದ ಕರೆದರೂ ಕಪ್ಪು ಒಬ್ಬನೇ ಬರುತ್ತಾನೆ.

ಸಂಜೆ ಮನೆಯಲ್ಲಿ, ಓದುತ್ತಿದ್ದ ಹಿಮದ ದೇಶದ ಕಾದಂಬರಿ ಮುಂದುವರಿಸಿದೆ. ಅನುವಾದ. ಒಂದು ಕಡೆ ಗಂಡ ಕಿಟಕಿ ಮುಚ್ಚುತ್ತಾನೆ, ಮರುಸಾಲಿನಲ್ಲೇ ಹೆಂಡತಿ ಅಳುತ್ತಿದ್ದಾಳೆ. ನಡುವೆ ಏನೂ ಇಲ್ಲ. ಅನುವಾದಕರು ಒಂದು ಪ್ಯಾರಾ ಬಿಟ್ಟಿದ್ದಾರೆ, ಖಂಡಿತ. ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಏನಾದರೂ ಬಿದ್ದಿದ್ದರೆ ದಾಟಿಸುವವರ ಕೈಯಿಂದಲೇ ಬಿದ್ದಿರಬೇಕು — ಇದು ನನ್ನ ಹಳೆಯ ನಂಬಿಕೆ.


ಮಾರ್ಚ್ 10, ಸೋಮವಾರ

ಪ್ರಕಾಶಕರು ಒಳಗೆ ಕರೆದರು. ಮೇಜಿನ ಮೇಲೆ ಪ್ರಿಂಟ್ ಹರಡಿತ್ತು.

"ಕತ್ತೆ ಚಿತ್ರ ಬರೆದು ಕೆಳಗೆ ಕತೆ ಅಂತ ಹಾಕಿದ್ದೀರಿ. ಕತೆ ಬರೆಯೋರೆಲ್ಲ ಮೆರವಣಿಗೆ ಬರ್ತಾರೆ."

"ಸಾಫ್ಟ್‌ವೇರ್ ತೊಂದರೆ ಸರ್."

"ಯಾರ ಸಾಫ್ಟ್‌ವೇರ್? ನಮ್ಮದಾ, ನಿಮ್ಮ ತಮ್ಮನದಾ?"

ಗೊತ್ತಿಲ್ಲ ಅನ್ನಬೇಕಾಗಿತ್ತು. ನೋಡುತ್ತಿದ್ದೇನೆ ಅಂದೆ.

"ಒತ್ತಕ್ಷರದ ಪುಸ್ತಕದಲ್ಲಿ ಒತ್ತೇ ಇಲ್ಲ ಅಂದ್ರೆ ಮದುವೆಗೆ ಗಂಡೇ ಬಂದಿಲ್ಲ ಅಂದ ಹಾಗಾಯ್ತಮ್ಮ. ಏಪ್ರಿಲ್ ಹತ್ತಕ್ಕೆ ಪ್ರೆಸ್ಸಿಗೆ. ತಪ್ಪಿದ್ರೆ ಶಾಲೆ ಬಾಗಿಲು ತೆಗೆಯೋ ಹೊತ್ತಿಗೆ ಪುಸ್ತಕ ಇರಲ್ಲ. ಈ ವಾರ ಸರಿಹೋಗದಿದ್ರೆ ಬೇರೆ ಚಿತ್ರಕಾರರನ್ನ ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

ಮಾಡಿಕೊಂಡೆ. ತಮ್ಮನ ಹೆಸರು ಹೇಳಿದ್ದು ನಾನು. ಇಷ್ಟು ವರ್ಷ ಬೇರೆಯವರ ಪುಸ್ತಕಗಳ ಮುಖಪುಟ ಬರೆದುಕೊಂಡು ಬಂದ. ಒಳಪುಟದಲ್ಲಿ ಚಿಕ್ಕ ಅಕ್ಷರದಲ್ಲಿ ಹೆಸರು, ಅದೂ ನಾನು ನೆನಪಿಟ್ಟು ಹಾಕಿದರೆ. ಮುಖಪುಟದ ಮೇಲೆ ಅವನ ಹೆಸರು ಬರುವ ಮೊದಲ ಪುಸ್ತಕ ಇದು.


ಮಾರ್ಚ್ 11

ಗದ್ದೆಯ ಪುಟದ ಸ್ಕ್ರೀನ್‌ಶಾಟ್ ತೆಗೆದು, ಒತ್ತು ಇರಬೇಕಾದ ಜಾಗಕ್ಕೆ ಸುತ್ತು ಹಾಕಿ ತಮ್ಮನಿಗೆ ಕಳಿಸಿದೆ. "ಇಲ್ಲಿ ಏನೂ ಇಲ್ಲ. ನೋಡು."

ಉತ್ತರ ಬಂತು:

"ಅಕ ಎಲಾ ಇದೆ. ಸುಮನೆ ಗಾಬರಿ ಆಗಬೇಡ"

ಅಕ. ಎಲಾ. ಸುಮನೆ.

ಮೈಯೆಲ್ಲ ಉರಿಯಿತು. ಪ್ರಕಾಶಕರ ಮುಂದೆ ನಾನು ತಲೆ ತಗ್ಗಿಸಿ ನಿಂತಿದ್ದೇನೆ, ಇವನಿಗೆ ಆಟ. ಚಿಕ್ಕಂದಿನಿಂದ ಹೀಗೇ. ನಾನು ಯಾವುದಕ್ಕೆ ಸಿಡುಕುತ್ತೇನೋ ಅದನ್ನೇ ಹಿಡಿದು ತೂಗುವವನು. ಮೆಸೇಜಿಗೂ ಚುಕ್ಕೆ ಇಟ್ಟು ಮುಗಿಸುತ್ತೇನೆ ಅಂತ ನನಗೆ ಪೂರ್ಣವಿರಾಮ ಅಂತ ಹೆಸರಿಟ್ಟವನು ಇವನೇ.

ಬರೆದೆ: "ತಮಾಷೆಗೆ ಇದು ಹೊತ್ತಲ್ಲ."

"ಯಾವ ತಮಾಷೆ"

ಫೋನ್ ಬೋರಲು ಹಾಕಿಟ್ಟೆ.


ಮಾರ್ಚ್ 12

ಮಾತಿಲ್ಲ. ಅವನೂ ಫೋನ್ ಮಾಡಲಿಲ್ಲ.

ಬೇರೆ ಪುಸ್ತಕದ ಕರಡು ತಿದ್ದಿದೆ. ಎಲ್ಲಿ ನೋಡಿದರೂ ಒತ್ತು ಇದೆಯೇ ಎಂದೇ ಕಣ್ಣು ಹೋಗುತ್ತದೆ. ಬಸ್ಸಿನಲ್ಲಿ ಕೂತು ಬೋರ್ಡುಗಳ ಒತ್ತು ಪರೀಕ್ಷಿಸಿದೆ. ಎಲ್ಲವೂ ಇದ್ದವು. ನನಗೇ ಮಂಕು ಕವಿಯುತ್ತಿದೆಯೇನೋ.


ಮಾರ್ಚ್ 14, ಶುಕ್ರವಾರ

ಕರ್ವ್ಸ್ ಊಟದ ಹೊತ್ತಿನಲ್ಲಿ ನನ್ನ ಮೇಜಿನಲ್ಲಿ ಕೂತು ತಮ್ಮನ ಪಿಡಿಎಫ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದ. ಆಮೇಲೆ ಕುರ್ಚಿ ತಿರುಗಿಸಿದ.

"ಮೇಡಂ, ಬೇಜಾರು ಮಾಡ್ಕೋಬೇಡಿ."

ಈ ವಾರ ಎಲ್ಲರೂ ಇದನ್ನೇ ಹೇಳುತ್ತಾರೆ.

"ಇದ್ರಲ್ಲಿ ಕೆಂಪು ಬಿದ್ದು ಹೋಗಿಲ್ಲ. ಆ ಒಂದು ಚುಕ್ಕೆ ಬಿಟ್ರೆ ಇದ್ರಲ್ಲಿ ಕೆಂಪೇ ಇಲ್ಲ. ಲೇಯರ್ ಇದೆ, ಹೆಸರಿದೆ, ಒಳಗೆ ಖಾಲಿ. ಮನೆ ಇದೆ, ಬೋರ್ಡ್ ಇದೆ, ಒಳಗೆ ಜನ ಇಲ್ಲ."

"ಎಕ್ಸ್‌ಪೋರ್ಟ್ ಮಾಡುವಾಗ ಆ ಲೇಯರ್ ಮುಚ್ಚಿದ್ದರೆ?"

"ಮುಚ್ಚಿದ್ರೆ ಲೇಯರ್ ಹೆಸರೂ ಬರ್ತಿರಲಿಲ್ಲ." ಸ್ವಲ್ಪ ಯೋಚಿಸಿದ. "ಬರ್ತಿತ್ತೇನೋ. ಅವರ ಪ್ರೋಗ್ರಾಮ್ ನನಗೆ ಗೊತ್ತಿಲ್ಲ. ಮೂಲ ಫೈಲ್ ಅಲ್ಲೇ ಹೋಗಿ ನೋಡೋದೇ ಒಳ್ಳೇದು."

ಅವನ ಪ್ರೋಗ್ರಾಮ್ ನಮ್ಮ ಆಫೀಸಿನಲ್ಲಿಲ್ಲ. ಭಾನುವಾರ ನಾನೇ ಹೋಗುತ್ತೇನೆ. ಜಗಳವನ್ನೂ ಮುಗಿಸಿದ ಹಾಗಾಯಿತು.


ಮಾರ್ಚ್ 16, ಭಾನುವಾರ, ರಾತ್ರಿ ಊಟ ಬೇಡವಾಯಿತು

ನಡೆದದ್ದನ್ನು ನಡೆದ ಹಾಗೇ ಬರೆಯಲು ಪ್ರಯತ್ನಿಸುತ್ತೇನೆ.

ಎರಡು ಬಸ್ಸು ಬದಲಿಸಿ ಹೋದೆ. ತಮ್ಮ ಬಾಗಿಲಲ್ಲೇ ನಿಂತಿದ್ದ. "ಬಂತಪ್ಪ ಪೂರ್ಣವಿರಾಮ. ಇವತ್ತು ನಮ್ಮ ಮನೆಯ ವಾಕ್ಯ ಮುಗಿಯಿತು," ಅಂದ. ಜಗಳದ ಸುದ್ದಿಯೇ ಇಲ್ಲ. ಅವನ ಹೆಂಡತಿ ಒಳಗಿನಿಂದ ಬಂದು ಚೀಲ ತೆಗೆದುಕೊಂಡಳು. ಸೊರಗಿದ್ದಾಳೆ ಅನಿಸಿತು.

ಅವನ ಕೋಣೆ ಮೊದಲಿನ ಹಾಗೇ. ಕಿಟಕಿ ಪಕ್ಕ ಕಂಪ್ಯೂಟರ್, ಕುರ್ಚಿಗೆ ಸುತ್ತಿದ ಹಳೇ ಟವೆಲು, ಗೋಡೆಗೆ ಅಂಟಿಸಿದ ಅರ್ಧರ್ಧ ಚಿತ್ರಗಳು. ಕತ್ತೆಯ ಮೂಲ ಫೈಲ್ ತೆಗೆಸಿದೆ. ಪಕ್ಕದಲ್ಲಿ ಲೇಯರ್‌ಗಳ ಹೆಸರು: ಕಪ್ಪು, ಕೆಂಪು. ಕಪ್ಪಿನ ಮುಂದಿರುವ ಕಣ್ಣಿನ ಗುರುತು ಒತ್ತಿ ಆಫ್ ಮಾಡಿದೆ. ಈಗ ಕೆಂಪು ಮಾತ್ರ ಕಾಣಬೇಕು.

ಪರದೆ ಪೂರಾ ಬಿಳಿ.

"ಖಾಲಿ ಇದೆ," ಅಂದೆ.

"ನೀನೇ ಆಫ್ ಮಾಡಿ ಖಾಲಿ ಅಂದ್ರೆ? ಆನ್ ಮಾಡು."

ಮಾಡಿದೆ. ಕತ್ತೆ ಬಂತು. ಕತೆ ಬಂತು.

"ನೋಡು, ಇದೆ." ಅವನು ಬಗ್ಗಿ, ತೆ ಅಕ್ಷರದ ಕೆಳಗೆ ಪರದೆಯ ಮೇಲೆ ಬೆರಳಿಟ್ಟ. ಬರಿಯ ಬಿಳಿಯ ಮೇಲೆ. "ಇದೇನು ಹಾಗಾದ್ರೆ?"

ಗೇಲಿ ಮಾಡುತ್ತಿದ್ದಾನೆ ಅಂದುಕೊಂಡು ಮುಖ ನೋಡಿದೆ. ಅವನ ಗೇಲಿ ನನಗೆ ಗೊತ್ತು. ಮೊದಲು ಎಡಹುಬ್ಬು ಏಳುತ್ತದೆ, ಆಮೇಲೆ ಬಾಯಿ. ಹುಬ್ಬು ಏಳಲಿಲ್ಲ. ನನ್ನನ್ನೇ ಕಾಯುತ್ತಿದ್ದ. ಅಕ್ಕನಿಗೆ ಯಾಕೆ ಕಾಣುತ್ತಿಲ್ಲ ಎಂದು ನಿಜವಾಗಿ ಅರ್ಥವಾಗದ ಮುಖ.

"ಇನ್ನೊಂದು ಪದ ಬಾಕಿ ಇತ್ತಲ್ಲ," ಅಂದೆ. "ತಮ್ಮ. ಅದನ್ನ ಈಗ ಬರಿ, ನಾನೇ ತಗೊಂಡು ಹೋಗ್ತೀನಿ."

ಆ ಚಿತ್ರ ಮುಗಿಸಿಟ್ಟಿದ್ದ. ಎರಡು ಜಡೆಯ ಹುಡುಗಿ, ಹುಬ್ಬು ಗಂಟಿಕ್ಕಿಕೊಂಡು, ಒಬ್ಬ ಪುಟ್ಟ ಹುಡುಗನ ಕೈ ಹಿಡಿದು ಎಳೆಯುತ್ತಿದ್ದಾಳೆ. ಯಾರು ಅಂತ ಕೇಳುವ ಅಗತ್ಯವಿರಲಿಲ್ಲ.

ಪೆನ್ನು ತೆಗೆದುಕೊಂಡ. ತ ಬರೆದ. ದುಂಡು ತಲೆ, ಅವನದೇ ಅಕ್ಷರ, ಕೈ ಒಂದಿಷ್ಟೂ ಅಳುಕಲಿಲ್ಲ. ಮ ಬರೆದ. ಬಣ್ಣ ಬದಲಿಸಿ ಕೆಂಪು ತೆಗೆದ. ಪೆನ್ನಿನ ಮೊನೆ ಮ ಕೆಳಗೆ ಇಳಿಯಿತು. ಅಲ್ಲಿ ನಿಂತಿತು. ಏನೋ ತರಲು ಒಳಗೆ ಹೋದವನು ಬಂದದ್ದು ಯಾಕೆ ಅಂತ ಮರೆತು ನಿಲ್ಲುತ್ತಾನಲ್ಲ, ಹಾಗೆ. ಆಮೇಲೆ ಪೆನ್ನನ್ನು ಸ್ಟ್ಯಾಂಡಿಗೆ ಇಟ್ಟುಬಿಟ್ಟ.

"ಆಯ್ತು."

"ಓದು."

"ತಮ್ಮ." ನಕ್ಕ. "ಅದಕ್ಕೂ ಅನುಮಾನವಾ ನಿನಗೆ?"

ಪರದೆಯ ಮೇಲೆ ಇದ್ದದ್ದು: ತಮ.

ತಮ ಅಂದರೆ ಕತ್ತಲೆ. ನಿಘಂಟು ತೆಗೆಯಬೇಕಾಗಿಲ್ಲ.

ಅವನ ಹೆಂಡತಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳೂ ಓದಿದಳು. ಚಹಾ ಕೊಡದೆ ಹಿಂದಿರುಗಿದಳು, ಬೆನ್ನಿಗೇ ನಾನೂ ಹೋದೆ.

ಅಡುಗೆಮನೆಯಲ್ಲಿ ಹೇಳಿದಳು: "ಅತ್ತಿಗೆ, ಯಾರ ಹತ್ರ ಹೇಳೋದು ಅಂತ ಇದ್ದೆ. ಅವರು ಸ್ಕೂಟರ್ ಮುಟ್ಟಿ ತಿಂಗಳ ಮೇಲಾಯ್ತು. ಎಲ್ಲಿಗಾದ್ರೂ ನಡ್ಕೊಂಡೇ. ಕೇಳಿದ್ರೆ ಹೊಟ್ಟೆ ಕರಗಿಸ್ತಿದೀನಿ ಅಂತಾರೆ. ಹೊಟ್ಟೆ ಎಲ್ಲಿದೆ ಅವರಿಗೆ?"

"ಬೇರೆ ಏನಾದರೂ?"

"ಮೊನ್ನೆ ಅಂಗಡಿ ಚೀಟಿ ಬರೆದುಕೊಟ್ರು. ಬೆಲ, ಎಣೆ ಅಂತ ಬರ್ದಿದ್ರು. ಅವಸರ ಅಂದ್ಕೊಂಡೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವಸರವೇ ಇರಬಹುದಲ್ವಾ ಅತ್ತಿಗೆ?"

ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ನಾಳೆಯೇ, ಅಂದೆ.

ಹೊರಡುವಾಗ ತಮ್ಮ ಬಸ್ ಸ್ಟಾಪಿನವರೆಗೆ ಬಂದ. "ತೊಂದರೆ ಎಲ್ಲಿತ್ತು, ಗೊತ್ತಾಯ್ತಾ?"

"ನನ್ನ ಕಡೆಯೇ," ಅಂದೆ. "ನನ್ನ ಸಾಫ್ಟ್‌ವೇರಿನದು."

"ನಾನು ಹೇಳಿರಲಿಲ್ವಾ."

ಇಷ್ಟು ಸುಲಭವಾಗಿ ಗೆದ್ದದ್ದಕ್ಕೆ ಅವನಿಗೇ ಆಶ್ಚರ್ಯವಾದ ಹಾಗಿತ್ತು.

ಅಕ. ಎಲಾ. ಸುಮನೆ. ತಮಾಷೆಯಾಗಿರಲಿಲ್ಲ.


ಮಾರ್ಚ್ 26

ಇಷ್ಟು ದಿನ ಬರೆಯಲಾಗಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನುವಂಥ ಹುಚ್ಚು.

ಸ್ಕ್ಯಾನ್ ಆಯಿತು. ಇನ್ನೊಂದು ಸ್ಕ್ಯಾನ್ ಆಯಿತು. ದೊಡ್ಡ ಡಾಕ್ಟರು ಇವತ್ತು ಮೂವರನ್ನೂ ಕೂರಿಸಿಕೊಂಡು ಹೇಳಿದರು. ತಲೆಯೊಳಗೆ ಎಡಗಡೆ ಒಂದು ಗಂಟು. ನೆಲ್ಲಿಕಾಯಿಯಷ್ಟು. ಬರೆಯುವುದನ್ನೂ ಬರೆದದ್ದನ್ನು ಗುರುತಿಸುವುದನ್ನೂ ನೋಡಿಕೊಳ್ಳುವ ಜಾಗವನ್ನು ಅದು ಒತ್ತುತ್ತಿದೆ.

ಒತ್ತುತ್ತಿದೆ. ಅವರು ಅದೇ ಪದ ಬಳಸಿದರು. ಬೇರೆ ಪದವೂ ಇಲ್ಲ.

"ಇಲ್ಲದ್ದು ಇದೆ ಅಂತ ಇವರಿಗೆ ಕಂಡದ್ದು ಸುಳ್ಳಲ್ಲ," ಅಂದರು. "ಏನು ಬರೀಬೇಕು ಅಂದ್ಕೊಂಡಿರ್ತಾರೋ ಅದನ್ನೇ ಓದ್ತಾರೆ. ಮೊದಲು ಗಮನಿಸಿದ್ದು ಯಾರು?"

"ಅಕ್ಕನ ಸಾಫ್ಟ್‌ವೇರು," ಅಂದ ತಮ್ಮ. "ಅಕ್ಕನಿಗೆ ತಿಳಿದದ್ದು ಆಮೇಲೆ."

ಡಾಕ್ಟರು ನಕ್ಕರು. ನಾನೂ ಅವನ ಹೆಂಡತಿಯೂ ನಗಲಿಲ್ಲ.

ಗಂಟು ತೆಗೆಯಬೇಕು, ತಡ ಮಾಡಬಾರದು. ಜೀವಕ್ಕೆ ಹೆದರಿಕೆ ಕಡಿಮೆ. ಆದರೆ ಬರೆಯುವ ಜಾಗಕ್ಕೆ ಅಷ್ಟು ಹತ್ತಿರ... ತಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಕ್ಷರ ಬರೆಯೋಕೆ ಆಗುತ್ತಾ ಆಮೇಲೆ?"

"ನೋಡೋಣ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಕಾರಿಡಾರಿನಲ್ಲಿ ಅವನು ನನ್ನ ತೋಳು ಹಿಡಿದ. "ನಿಮ್ಮ ಪ್ರಕಾಶಕರಿಗೆ ಹೇಳಬೇಡ. ಚಿತ್ರಕಾರನ ತಲೆಯಲ್ಲೇ ತೊಂದರೆ ಅಂದ್ರೆ ಪುಸ್ತಕ ಕೈಬಿಡ್ತಾರೆ. ಒತ್ತು ನೀನೇ ಹಾಕಿಬಿಡು."

"ನನಗೆ ಒಂದು ಸೊನ್ನೆ ನೆಟ್ಟಗೆ ಬರೆಯೋಕೆ ಬರಲ್ಲ."

"ನನ್ನದೇ ಹುಡುಕಿ ಹಾಕು. ಹಳೇ ಮುಖಪುಟ ಎಷ್ಟಿಲ್ಲ? ನನ್ನ ಒತ್ತು ನಾನೇ ಕದ್ದರೆ ಪೊಲೀಸರು ಬರಲ್ಲ."

ಸ್ಕೂಟರ್ ಬಿಟ್ಟದ್ದು ಯಾಕೆ ಅಂತ ಕೇಳಿದೆ. "ಬೋರ್ಡುಗಳು ಒಂಥರಾ ಕಾಣ್ತಿದ್ವು," ಅಂದ. ಅಷ್ಟೇ.

ಹಾಗಾದರೆ ಅವನಿಗೆ ಗೊತ್ತಿತ್ತೇ? ಗೊತ್ತಿದ್ದೂ ನನ್ನಲ್ಲಿ ಸರಿಯಾಗೇ ಇದೆ ಅಂದನೇ? ಅಥವಾ ಎರಡೂ ಒಟ್ಟಿಗೆ... ಗೊತ್ತಿತ್ತು, ಗೊತ್ತಿರಲಿಲ್ಲ. ಇದಕ್ಕೆ ಎರಡು ಲೇಯರ್ ಬೇಕು. ತಲೆಬುಡ ತಿಳಿಯುತ್ತಿಲ್ಲ.


ಮಾರ್ಚ್ 28

ಬೇರೆ ಚಿತ್ರಕಾರರ ಮಾತು ಮತ್ತೆ ಎತ್ತುವ ಮೊದಲೇ ಪ್ರಕಾಶಕರಿಗೆ ಹೇಳಿದೆ: ತೊಂದರೆ ಸಿಕ್ಕಿತು, ಕೆಂಪು ಲೇಯರ್ ಬೇರೆಯಾಗಿ ತರಿಸಿ ಕೂರಿಸುತ್ತಿದ್ದೇನೆ.

"ನಿಮ್ಮ ತಮ್ಮ ಯಾಕೆ ಫೋನ್ ಎತ್ತಲ್ಲ?"

"ಊರಲ್ಲಿಲ್ಲ."

ಸುಳ್ಳು ಬಾಯಿಂದ ಎಷ್ಟು ನಯವಾಗಿ ಬಂತೆಂದರೆ ನಾನೇ ನಂಬಿದೆ.

ಕರ್ವ್ಸ್‌ಗೆ ಮಾತ್ರ ನಿಜ ಹೇಳಿದೆ. ಅವನು ಎದ್ದು ಹೋಗಿ, ಹಳೆಯ ಪುಸ್ತಕಗಳ ಫೈಲು ತುಂಬಿದ ಡ್ರೈವ್ ತಂದು ಮೇಜಿನ ಮೇಲಿಟ್ಟ. ಮಧ್ಯಾಹ್ನವಿಡೀ ಇಬ್ಬರೂ ತಮ್ಮನ ಮುಖಪುಟಗಳನ್ನು ಬಿಚ್ಚಿದೆವು. ಅಡುಗೆ ಪುಸ್ತಕವೊಂದರಿಂದ ಪ ಒತ್ತು. ಒಂದು ಕಥಾಸಂಕಲನದಿಂದ ತ. ವ್ಯಾಕರಣದ ಪುಸ್ತಕದಿಂದ ದ. ನಾನು ಓದುತ್ತಿರುವ ಹಿಮದ ದೇಶದ ಕಾದಂಬರಿಯ ಮುಖಪುಟವೂ ಅವನದೇ, ಇಷ್ಟು ದಿನ ಕೈಯಲ್ಲಿ ಹಿಡಿದೂ ನೋಡಿರಲಿಲ್ಲ. ಅದರಿಂದ ಳ. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಒಂದೊಂದನ್ನೂ ಕತ್ತರಿಸಿ, ಅಳತೆಗೆ ತಂದು, ಕೆಂಪು ಬಳಿದು, ಬೇರೆ ಬೇರೆ ಫೈಲಾಗಿ ಪುಟದಲ್ಲಿ ಕಪ್ಪಿನ ಮೇಲೆ ಕೂರಿಸಿದೆ. ಬೇರೆ ಬೇರೆ ವಯಸ್ಸಿನ ಒತ್ತುಗಳು. ತ ಒತ್ತು ಮದುವೆಗೆ ಮುಂಚಿನದು, ತೆಳು, ಸ್ವಲ್ಪ ಜಂಬದ್ದು. ಳ ಒತ್ತು ಈಚಿನದು, ದಪ್ಪ, ಕೂತಲ್ಲೇ ಕೂತಿದೆ. ನೋಡುವವರಿಗೆ ವ್ಯತ್ಯಾಸ ತಿಳಿಯದು.

ಕತ್ತೆ ಮತ್ತೆ ಕತ್ತೆಯಾಯಿತು. ಕರ್ವ್ಸ್ ಜೋರಾಗಿ ಓದಿದ: "ಕತ್ತೆ!" ಆಚೆ ಮೇಜಿನವರು ತಿರುಗಿ ನೋಡಿದರು, ಯಾರಿಗೆ ಅಂದದ್ದು ಅಂತ.


ಏಪ್ರಿಲ್ 2

ಎಲ್ಲ ಪುಟ ಮುಗಿಯಿತು, ಒಂದರ ಹೊರತು.

ತಮ್ಮ ಎಂಬ ಪುಟ ಹಾಗೇ ಬಿಟ್ಟಿದ್ದೇನೆ. ಒತ್ತು ಸಿಗದೆ ಅಲ್ಲ. ಮೂರು ಮುಖಪುಟಗಳಲ್ಲಿ ಮ ಒತ್ತು ಸಿಕ್ಕಿದೆ, ಮೂರೂ ಚೆನ್ನಾಗಿವೆ. ಒಂದನ್ನು ಕೆಂಪು ಮಾಡಿ ಪುಟದ ಮೇಲೆ ತಂದೆ. ಬಿಡಲು ಬೆರಳು ಬರಲಿಲ್ಲ. ಅಳಿಸಿದೆ.

ಪ್ರಕಾಶಕರು ಕೇಳಿದರು: "ಈ ಪುಟ ಯಾಕೆ ಹೀಗಿದೆ?"

"ಲಿಂಕ್ ಮಿಸ್ಸಿಂಗ್ ಸರ್. ಕೆಂಪಿನ ಫೈಲ್ ಇನ್ನೂ ಬಂದಿಲ್ಲ."

"ಯಾವಾಗ ಬರುತ್ತೆ?"

"ಹತ್ತರೊಳಗೆ."

"ಬರದಿದ್ರೆ?"

"ನಾನೇ ಏನಾದರೂ ಮಾಡುತ್ತೇನೆ."

ಕರ್ವ್ಸ್ ತಲೆ ಬಗ್ಗಿಸಿ ಕೀಬೋರ್ಡ್ ಒರೆಸುತ್ತಿದ್ದ.

ಕಾದಂಬರಿಯ ಕೊನೆಗೆ ಅನುವಾದಕರ ಒಂದು ಟಿಪ್ಪಣಿ ಇದೆ, ಇವತ್ತು ಓದಿದೆ. ಕಿಟಕಿ ಮುಚ್ಚುವುದಕ್ಕೂ ಹೆಂಡತಿ ಅಳುವುದಕ್ಕೂ ನಡುವೆ ಮೂಲದಲ್ಲೇ ಏನೂ ಇಲ್ಲವಂತೆ. ತುಂಬಿಸಬೇಕು ಅನಿಸಿತಂತೆ, ತುಂಬಿಸಲಿಲ್ಲವಂತೆ. ನನ್ನ ಪೆನ್ಸಿಲ್ ಗುರುತನ್ನು ರಬ್ಬರಿನಿಂದ ಉಜ್ಜಿದೆ. ಕಾಗದ ಸ್ವಲ್ಪ ಮಾಸಿತು.


ಏಪ್ರಿಲ್ 3, ಬೆಳಿಗ್ಗೆ

ತಮ್ಮನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರು. ತಲೆ ಬೋಳಿಸಿದ್ದಾರೆ. "ಅಪ್ಪನ ಹಾಗೇ ಕಾಣ್ತೀನಲ್ಲ," ಅಂದ. ಕಾಣುತ್ತಿದ್ದ. ಇಲ್ಲ ಅಂದೆ.


ಅದೇ ದಿನ, ಸಂಜೆ

ಆಯಿತಂತೆ. ಪೂರ್ತಿ ತೆಗೆದರಂತೆ. ಕಣ್ಣು ಬಿಟ್ಟಿದ್ದಾನೆ, ಮಾತಿಲ್ಲ. ಅವನ ಹೆಂಡತಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಅಲುಗಾಡದೆ ಕೂತೆ.


ಏಪ್ರಿಲ್ 6

ಇವತ್ತು ಮಾತಾಡಿದ. ನಿಧಾನ, ಒಂದೊಂದೇ ಪದ, ಮೆಟ್ಟಿಲಿಳಿಯುವ ಹಾಗೆ. ನೀರು ಕೇಳಿದ. ಹೆಂಡತಿಯನ್ನು ಹೆಸರು ಹಿಡಿದು ಕರೆದ. ನನ್ನನ್ನು ನೋಡಿ ಬಾಯಿ ತೆರೆದು ಹುಡುಕಿದ, ಸಿಗಲಿಲ್ಲ. ಸಿಗಲಿಲ್ಲವೆಂದು ಅವನಿಗೆ ಸಿಟ್ಟು ಬಂತು. ಬಲಗೈ ಹಾಸಿಗೆಯ ಮೇಲೆ ಬೇರೆಯವರದ್ದೇನೋ ಎಂಬ ಹಾಗೆ ಬಿದ್ದಿದೆ. ಬೆರಳುಗಳು ಆಡುತ್ತವೆ, ಹಿಡಿಯಲು ಬಾರದು.

ಡಾಕ್ಟರು: "ನೋಡೋಣ."


ಏಪ್ರಿಲ್ 9, ಸಂಜೆ 4, ಆಸ್ಪತ್ರೆಯಲ್ಲೇ ಕೂತು

ನಾಳೆ ಪ್ರೆಸ್ಸಿಗೆ. ಬರುವಾಗ ಆ ಪುಟದ ಪ್ರಿಂಟ್ ತಂದೆ. ಯಾಕೆ ತಂದೆ ಅಂತ ಬಸ್ಸಿನಲ್ಲಿ ಉದ್ದಕ್ಕೂ ನನ್ನನ್ನೇ ಬೈದುಕೊಂಡೆ. ಬೇನೆಯವನ ಕೈಗೆ ಕೆಲಸ ಕೊಡುವ ಅಕ್ಕ ಯಾರಿದ್ದಾರೆ? ಚೀಲದಲ್ಲೇ ಇಟ್ಟುಕೊಂಡು ಕೂತಿದ್ದೆ.

ತಲೆಯ ತುಂಬ ಬಿಳಿ ಬ್ಯಾಂಡೇಜು. "ಪೇಟ ಚೆನ್ನಾಗಿದೆ," ಅಂದೆ.

"ಬಾ...ಡಿಗೆದು," ಅಂದ. ಎಡಹುಬ್ಬು ಸ್ವಲ್ಪ ಎದ್ದಿತು. ನಾನು ಕಿಟಕಿಯ ಕಡೆ ತಿರುಗಬೇಕಾಯಿತು.

ಆಮೇಲೆ ಅವನೇ ಕೇಳಿದ. "ಪುಸ್ತಕ?"

ತೆಗೆದುಕೊಟ್ಟೆ. ಅವನ ಹೆಂಡತಿ ದಿಂಬು ಎತ್ತರಿಸಿದಳು. ಜಡೆಯ ಹುಡುಗಿಯನ್ನು ನೋಡಿದ, ನನ್ನನ್ನು ನೋಡಿದ, ಅದೇ ಗಂಟುಹುಬ್ಬು ಇದೆಯೇ ಅಂತ. ಆಮೇಲೆ ಕಣ್ಣು ಕೆಳಗಿಳಿಯಿತು, ಪದದ ಮೇಲೆ ನಿಂತಿತು. ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು, ಗಾಲಿಯ ಕಿರುಗುಟ್ಟುವಿಕೆ ಕಾರಿಡಾರಿನ ಕೊನೆಯವರೆಗೂ ಕೇಳಿಸಿತು. ಇವನು ಇನ್ನೂ ಓದುತ್ತಲೇ ಇದ್ದ.

"ಅಕ್ಕ."

ಕರೆದ. ಪದ ಸಿಕ್ಕಿತು.

"ಇದು ಸರಿಯಿಲ್ಲ."

"ಏನು ಸರಿಯಿಲ್ಲ?"

"ಗೊತ್ತಿಲ್ಲ. ಏನೋ... ಇಲ್ಲ. ಇದರಲ್ಲಿ."

ಒಂದು ತಿಂಗಳಿಂದ ಎಲ್ಲ ಇದೆ, ಎಲ್ಲ ಇದೆ ಅಂದವನು. ಇವತ್ತು ಏನೋ ಇಲ್ಲ ಅಂದ. ಅವನ ಹೆಂಡತಿ ನನ್ನ ಕೈ ಹಿಡಿದಳು, ಉಗುರು ನೆಟ್ಟಿತು.

ಎಲ್ಲಿ ಅಂತ ನಾನು ತೋರಿಸಲಿಲ್ಲ. ಪ್ರೂಫ್ ತಿದ್ದುವ ನನ್ನ ಕೆಂಪು ಪೆನ್ಸಿಲ್ ತೆಗೆದು ಹಾಸಿಗೆಯ ಮೇಲಿಟ್ಟೆ, ಅಷ್ಟೇ. ಬಲಗೈ ಅದರತ್ತ ಹೋಯಿತು. ಜಾರಿತು. ಎಡಗೈ ಬಂದು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಪೆನ್ಸಿಲಿನ ಸುತ್ತ ಮಡಚಿತು, ಮಗುವಿಗೆ ಮೊದಲ ಸಲ ಹಿಡಿಸಿದ ಹಾಗೆ.

"ಹೇಳಿಕೊಡಬೇಡ," ಅಂದ.

ಇಲ್ಲ. ಅದಕ್ಕೇ ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಬರೆಯುತ್ತಲೇ ಓರೆಗಣ್ಣಿನಿಂದ ನೋಡುತ್ತಿದ್ದೇನೆ. ಪೆನ್ಸಿಲು ತ ದಾಟಿತು. ಮ ಹತ್ತಿರ ಬಂತು. ಕೆಳಗೆ ಇಳಿಯಿತು. ನಿಂತಿದೆ. ಅವತ್ತೂ ಇಲ್ಲೇ ನಿಂತಿತ್ತು. ನರ್ಸ್ ಬಾಗಿಲಲ್ಲಿ, ಹೊತ್ತಾಯಿತು ಅನ್ನುತ್ತಿದ್ದಾರೆ, ಅವನ ಹೆಂಡತಿ ಕೈ ಎತ್ತಿ ತಡೆದಳು. ಇನ್ನೂ ನಿಂತಿದೆ. ಇಲ್ಲ, ಮೊನೆ ಕಾಗದಕ್ಕೆ ತಾಗಿತು. ಕೆಂಪು